ಹಳೆಯ ಮೋಟಾರಿನ ಗದ್ದಲವೂ ಅದರ ನಿವಾರಣೆಯೂ

ವಾಚಕ ಮಹಾಶಯರಲ್ಲಿ ಕೆಲವರ ಮನೆಗಳಲ್ಲಾದರೂ ತಂದೆಯ ಕಾಲದ ಮೋಟಾರು ಗಾಡಿಯೊಂದು ಇನ್ನೂ ಉಳಿದಿದ್ದೀತು. ನಮ್ಮ ಮನೆಯಲ್ಲಿಯೂ ಒಂದುಂಟು. ಅದು ನಮ್ಮ ತೀರ್ಥರೂಪರು ಕೊಂಡ ಅಂಬಾಸಿಡರ್ ಕಾರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮಾದರಿಯನ್ನನುಸರಿಸಿ, ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಈ ಗಾಡಿಯನ್ನು ಅರಿಯದ ಹಿರಿಯರು ನಮ್ಮ ದೇಶದಲ್ಲಿ ವಿರಳ. ಇದನ್ನು ಮಾರಿ ಹೊಸದೊಂದನ್ನು ಏಕೆ ಕೊಳ್ಳಬಾರದೆಂದು ಮಕ್ಕಳು ಕೇಳುತ್ತಿರುತ್ತಾರೆ. ನಮ್ಮ ತಾಯಿಯವರಿಗೆ ಈಗ ಎಂಬತ್ತಮೂರು ವರ್ಷ, ಮೊಣಕಾಲುಗಳಲ್ಲಿ ಬಲವಿಲ್ಲ. ಎತ್ತರವಾದ ಆಸನವೂ ಅಗಲವಾದ ಬಾಗಿಲೂ ಉಳ್ಳ ಈ ಗಾಡಿಯನ್ನು ಮಾತ್ರ ಅವರು ಯಾರ ಕೈಯನ್ನೂ ಹಿಡಿಯದೆ ಏರಬಲ್ಲರು. ಆದುದರಿಂದ ಗಾಡಿ ಉಳಿದುಕೊಂಡಿತು. ಅದರೊಡನೆ ಅದರ ಗದ್ದಲವೂ ಉಳಿದುಕೊಂಡಿತು.

ಕಳೆದ ಮಾಘಮಾಸದಲ್ಲಿ ಬಂಧುಗಳ ಮನೆಯ ಮದುವೆಗೆಂದು ಮೈಸೂರಿನಿಂದ ಹಾಸನಕ್ಕೆ ಹೊರಟಿದ್ದೆವು. ನಮ್ಮ ಮನೆಯವರು ಮುಂದೆ ಕುಳಿತಿದ್ದರು. ತಾಯಿಯವರು ಹಿಂದಿನ ಆಸನದಲ್ಲಿ ಒಬ್ಬರೇ ಇದ್ದರು. ಹೊಳೆನರಸೀಪುರವನ್ನು ದಾಟಿ ಸ್ವಲ್ಪ ದೂರ ಹೋಗಿರಬಹುದು. ನಮ್ಮ ಮನೆಯವರು ಅಕಸ್ಮಾತ್ತಾಗಿ ಹಿಂದಿರುಗಿ ನೋಡಿ ನಮ್ಮ ತೋಳನ್ನು ಹಿಡಿದೆಳೆದರು. ತಾಯಿಯವರು ಬೆವೆತು ಬಾಗಿಲಿಗೆ ಒರಗಿಬಿಟ್ಟಿದ್ದರು. ಗಾಡಿಯನ್ನು ಮರದ ನೆರಳಿಗೆ ನಿಲ್ಲಿಸಿ, ಮುಖಕ್ಕೆ ನೀರು ಚಿಮುಕಿಸಿ, ಗಾಳಿ ಬೀಸಿದ ಮೇಲೆ ಅವರು ಚೇತರಿಸಿಕೊಂಡು, "ತಲೆ ಸುತ್ತುತ್ತಿದೆ, ನಿಲ್ಲಿಸು ಮಗು ಎಂದು ನಾಲ್ಕು ಸಲ ಕೂಗಿದೆನಪ್ಪಾ, ನಿನಗೆ ಕೇಳಿಸಲಿಲ್ಲ" ಎಂದರು. ಮೂವತ್ತೈದು ವರ್ಷಗಳ ಕಾಲ ಕೊನೆಯ ಬೆಂಚಿನ ಹುಡುಗನ ಪಿಸುಮಾತನ್ನೂ ಕೇಳಿ ಗದರಿಸುತ್ತಿದ್ದ ನಮಗೆ, ಮೂರು ಅಡಿ ದೂರದಿಂದ ಹೆತ್ತ ತಾಯಿ ಕರೆದ ಧ್ವನಿ ಕೇಳಿಸಲಿಲ್ಲ. ಆ ಮಾತು ನಮ್ಮ ಮನಸ್ಸಿನಲ್ಲಿ ಮುಳ್ಳಿನಂತೆ ನಿಂತಿತು. ಊರಿಗೆ ಹಿಂದಿರುಗಿದ ಮೇಲೆ ಗದ್ದಲದ ನಿವಾರಣೆಗೆ ತೊಡಗಿದೆವು. ಆಗ ಕಲಿತುದನ್ನು ನಮ್ಮಂತಹ ಗೃಹಸ್ಥರ ಉಪಯೋಗಕ್ಕಾಗಿ ಇಲ್ಲಿ ನಿವೇದಿಸುತ್ತೇವೆ.

ಶಬ್ದವು ಆಕಾಶದ ಗುಣವೆಂದು ನಮ್ಮ ತಾರ್ಕಿಕರ ಮತ. ಅದು ಹರಡುವ ಬಗೆಯನ್ನು ಅವರು ಎರಡು ದೃಷ್ಟಾಂತಗಳಿಂದ ವಿವರಿಸಿದರು: ನೀರಿನಲ್ಲಿ ಅಲೆಯಿಂದ ಅಲೆ ಹುಟ್ಟುವಂತೆ ಎಂಬುದು ವೀಚೀತರಂಗನ್ಯಾಯ, ಕದಂಬದ ಮೊಗ್ಗು ಸುತ್ತಲೂ ಒಮ್ಮೆಗೇ ಬಿರಿಯುವಂತೆ ಎಂಬುದು ಕದಂಬಮುಕುಲನ್ಯಾಯ. ಇಂದಿನ ವಿಜ್ಞಾನವು ಶಬ್ದಕ್ಕೆ ಆಶ್ರಯ ಆಕಾಶವಲ್ಲ, ಗಾಳಿ, ನೀರು, ಲೋಹ ಮೊದಲಾದ ದ್ರವ್ಯಗಳ ಕಂಪನವೆಂದು ಹೇಳುತ್ತದೆಯಾದರೂ ಅಲೆಯ ದೃಷ್ಟಾಂತವನ್ನು ಬಿಟ್ಟಿಲ್ಲ. ಗಾಡಿಯೊಳಕ್ಕೆ ಶಬ್ದವು ಬರುವುದು ಎರಡು ದಾರಿಗಳಿಂದ. ಬಿರುಕು, ತೂತು, ಕಿಟಕಿಗಳ ಮೂಲಕ ಗಾಳಿಯಲ್ಲಿ ಬರತಕ್ಕದ್ದು ಒಂದು. ಚಕ್ರ, ಸ್ಪ್ರಿಂಗು, ಎಂಜಿನ್ನುಗಳ ಅದುರು ಉಕ್ಕಿನ ಮೈಯನ್ನು ಹಿಡಿದು ಬಂದು, ನೆಲದ ಮತ್ತು ಬಾಗಿಲಿನ ತಗಡುಗಳನ್ನು ನಗಾರಿಯ ಚರ್ಮದಂತೆ ನಡುಗಿಸುವುದು ಇನ್ನೊಂದು. ಸಾಧಾರಣವಾಗಿ ಕಾರಿನ ವೇಗವು ಗಂಟೆಗೆ 50 ಕಿಲೋಮೀಟರನ್ನು ಮೀರಿದ ಮೇಲೆ ಎಂಜಿನ್ನಿನ ಶಬ್ದಕ್ಕಿಂತ ಟೈರು ರಸ್ತೆಯ ಮೇಲೆ ಉರುಳುವ ಶಬ್ದವೇ ಮೇಲುಗೈಯಾಗುತ್ತದೆ.

ಶಬ್ದದ ಅಳತೆಯಾದ ಡೆಸಿಬೆಲ್ಲನ್ನು ಕುರಿತು ಒಂದು ಮಾತು. ಇದು ಸಾಮಾನ್ಯವಾದ ಕೂಡುವ ಲೆಕ್ಕವಲ್ಲ. ಶಬ್ದಶಕ್ತಿಯು ಹತ್ತುಮಡಿಯಾದರೆ 10 ಡೆಸಿಬೆಲ್ ಹೆಚ್ಚುತ್ತದೆ. ಕಿವಿಗಾದರೋ ಅದು ಸುಮಾರು ಇಮ್ಮಡಿಯಾದಂತೆ ತೋರುತ್ತದೆ. ಶಕ್ತಿಯನ್ನು ಅರ್ಧಕ್ಕೆ ಇಳಿಸಿದರೆ ಕಡಮೆಯಾಗುವುದು 3 ಡೆಸಿಬೆಲ್ ಮಾತ್ರ. ಕಿವಿಯು ಅದನ್ನು ಕಷ್ಟದಿಂದ ಗುರುತಿಸುತ್ತದೆ. ಆದುದರಿಂದ ಒಂದು ಹಾಳೆಯನ್ನು ಅಂಟಿಸಿದೊಡನೆ ಗಾಡಿ ದೇವಸ್ಥಾನದ ಗರ್ಭಗುಡಿಯಂತೆ ನಿಶ್ಶಬ್ದವಾಗುವುದೆಂದು ನಂಬಿ ಯಾರೂ ಹಣವನ್ನು ಕಳೆದುಕೊಳ್ಳಬಾರದು. ಹಲವು ಸಣ್ಣ ಉಪಾಯಗಳು ಕೂಡಿದರೆ ಮಾತ್ರ ಫಲ ಕಾಣುತ್ತದೆ.

ನಾವು ಮೊದಲು ಹೋದ ಅಂಗಡಿಯವರು, ಒಂದೇ ದಿನದಲ್ಲಿ ನೆಲಕ್ಕೆಲ್ಲ ಹಾಳೆಯನ್ನು ಹೊದಿಸಿ ಕೊಡುವೆವೆಂದರು. ಒಪ್ಪುವುದರಲ್ಲಿದ್ದೆವು. ದೈವವಶಾತ್ ನಮ್ಮಲ್ಲಿ ಹಿಂದೆ ಓದಿ ಈಗ ಮೋಟಾರು ರಿಪೇರಿ ಮಾಡುತ್ತಿರುವ ಶಿಷ್ಯನೊಬ್ಬನಿಗೆ ಈ ಸಂಗತಿ ತಿಳಿಯಿತು. ಅವನು, "ಮೊದಲು ಗಾಡಿಯ ಅಡಿ ನೋಡೋಣ ಮೇಷ್ಟ್ರೇ, ಮುಚ್ಚೋದು ಆಮೇಲೆ ಇದ್ದೇ ಇದೆ" ಎಂದನು. ಗಾಡಿಯನ್ನು ಎತ್ತಿ ನೋಡಿದರೆ, ಹೊಗೆಯ ಕೊಳವೆಯ ಜೋಡಣೆಯೊಂದು ತುಕ್ಕು ಹಿಡಿದು ಬಿರಿದಿತ್ತು. ಅದರ ನೇರ ಮೇಲೆ, ತಾಯಿಯವರು ಕಾಲಿಡುವ ಎಡೆಯಲ್ಲಿ, ಜಮಖಾನದ ಕೆಳಗಿನ ತಗಡು ರೂಪಾಯಿಯಗಲ ತೂತಾಗಿತ್ತು. ಗದ್ದಲ ಬರುತ್ತಿದ್ದುದು ಅಲ್ಲಿಂದ. ಗದ್ದಲದೊಡನೆ ಹೊಗೆಯೂ ಬರುತ್ತಿದ್ದಿರಬೇಕು. ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ತಲೆನೋವು, ತಲೆಸುತ್ತು, ವಾಕರಿಕೆಗಳು ಅದರ ಮೊದಲ ಲಕ್ಷಣಗಳು, ಹೆಚ್ಚಾದರೆ ಪ್ರಾಣಾಪಾಯವುಂಟು. ತಾಯಿಯವರ ಅಂದಿನ ತಲೆಸುತ್ತಿಗೆ ಅದೇ ಕಾರಣವೆಂದು ನಾವು ಸಾಧಿಸಲಾರೆವು. ಆದರೆ ಕೊಳವೆಯನ್ನು ಸರಿಪಡಿಸದೆ ಮೇಲೆ ದಪ್ಪ ಹಾಳೆಯನ್ನು ಹಾಸಿದ್ದರೆ, ಆ ಬಿರುಕನ್ನು ಸಾರಿ ಹೇಳುತ್ತಿದ್ದ ಶಬ್ದವನ್ನು ಮಾತ್ರ ಅಡಗಿಸಿ, ವಿಷಕ್ಕೆ ಇನ್ನೊಂದು ದಾರಿಯನ್ನು ಬಿಟ್ಟಂತಾಗುತ್ತಿತ್ತು. ನಿದಾನವಿಲ್ಲದ ಚಿಕಿತ್ಸೆ ಎಂದರೆ ಇದೇ.

ಆದುದರಿಂದ ಮೊದಲು ಮಾಡತಕ್ಕದ್ದು ಪರೀಕ್ಷೆ. ಗಾಡಿಯನ್ನು ಬೇರೊಬ್ಬರು ನಡೆಸುತ್ತಿರಲು, ತಾವು ಹಿಂದಿನ ಆಸನದಲ್ಲಿ ಕುಳಿತು ಕಿವಿಗೊಡಬೇಕು. ಎಂಜಿನ್ನಿನ ವೇಗದೊಡನೆ ಏರಿಳಿಯುವ ಶಬ್ದವು ಎಂಜಿನ್ನಿನದು ಅಥವಾ ಹೊಗೆಕೊಳವೆಯದು. ರಸ್ತೆ ಬದಲಾದಾಗ ಬದಲಾಗುವುದು ಟೈರಿನದು. ತಿರುವಿನಲ್ಲಿ ಹೆಚ್ಚುಕಡಮೆಯಾಗುವ ಗುಂಯ್‌ಗುಡುವಿಕೆಯಿದ್ದರೆ ಚಕ್ರದ ಬೇರಿಂಗನ್ನು ತೋರಿಸತಕ್ಕದ್ದು. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿಗಳ ಮುದ್ರೆಯಿರುತ್ತದೆ. ಮೊದಲೆರಡು ವಾರವನ್ನೂ ಕಡೆಯೆರಡು ವರ್ಷವನ್ನೂ ಸೂಚಿಸುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ಆದ ಟೈರು. ವಯಸ್ಸಾದ ಟೈರಿನ ರಬ್ಬರು ಬಿರುಸಾಗಿ ಸದ್ದನ್ನು ಹೆಚ್ಚಿಸುತ್ತದೆ, ಹಿಡಿತವನ್ನೂ ಕಳೆದುಕೊಳ್ಳುತ್ತದೆ.

ಅನಂತರ ಬಾಗಿಲುಗಳು. ಒಂದು ಕಾಗದದ ಪಟ್ಟಿಯನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ರಬ್ಬರು ಪಟ್ಟಿ ಸವೆದಿದೆ. ರಾತ್ರಿ ಒಳಗಡೆ ದೀಪವನ್ನು ಹಚ್ಚಿ ಹೊರಗಿನಿಂದ ನೋಡಿದರೆ ಬೆಳಕಿನ ಗೆರೆಗಳು ಬಿರುಕುಗಳನ್ನು ತಾವೇ ತೋರಿಸುವುವು. ಎಂಜಿನ್ನಿಗೂ ಕುಳಿತುಕೊಳ್ಳುವ ಎಡೆಗೂ ನಡುವೆ ಇರುವ ತಗಡಿನ ಗೋಡೆಯಲ್ಲಿ ತಂತಿಗಳೂ ಪೆಡಲುಗಳೂ ಹಾಯುವ ರಂಧ್ರಗಳನ್ನು ಮರೆಯಬಾರದು. ಗೋಡೆಯಲ್ಲಿ ನೂರರಲ್ಲಿ ಒಂದು ಪಾಲು ತೆರವಿದ್ದರೆ, ಉಳಿದ ತೊಂಬತ್ತೊಂಬತ್ತು ಪಾಲು ಎಷ್ಟೇ ಭದ್ರವಾಗಿದ್ದರೂ ಒಟ್ಟು ತಡೆ 20 ಡೆಸಿಬೆಲ್ಲನ್ನು ಮೀರದು. ಕೊಡದ ತೂತನ್ನು ಬಿಟ್ಟು ಕಂಠವನ್ನು ಬೆಸೆದರೆ ನೀರು ನಿಂತೀತೇ? ಹೊಸ ರಬ್ಬರು ಪಟ್ಟಿಗಳಿಗೆ ತಗಲುವ ವೆಚ್ಚ ಅಲ್ಪ; ಫಲ ದೊಡ್ಡದು.

ಇಷ್ಟಾದ ಮೇಲೆ ಹಾಳೆಗಳ ವಿಚಾರ. ಇವುಗಳಲ್ಲಿ ಮೂರು ಬಗೆ. ಒಂದರ ಕೆಲಸವನ್ನು ಇನ್ನೊಂದು ಮಾಡದು.

ಮೊದಲನೆಯದು ಅದುರನ್ನು ಅಡಗಿಸತಕ್ಕದ್ದು. ಶಾಲೆಗಳಲ್ಲಿ ಗಂಟೆಯ ಬದಲು ರೈಲುಕಂಬಿಯ ತುಂಡನ್ನು ತೂಗಹಾಕಿರುವುದನ್ನು ವಾಚಕರು ಕಂಡಿರಬಹುದು. ಹೊಡೆದೊಡನೆ ಅದನ್ನು ಅಂಗೈಯಿಂದ ಹಿಡಿದರೆ ನಾದವು ಅಲ್ಲಿಯೇ ಸಾಯುತ್ತದೆ. ಅಲ್ಯೂಮಿನಿಯಂ ತೊಗಟೆಯುಳ್ಳ ಬ್ಯೂಟೈಲ್ ರಬ್ಬರಿನ ಹಾಳೆಯು ತಗಡಿಗೆ ಈ ಅಂಗೈಯಂತೆ. ತಗಡನ್ನೆಲ್ಲ ಮುಚ್ಚಬೇಕಾದುದಿಲ್ಲ, ಬೆರಳಿನಿಂದ ತಟ್ಟಿದಾಗ ಡಣ್ ಎನ್ನುವ ಬಯಲುಭಾಗದಲ್ಲಿ ಕಾಲುಪಾಲಿನಿಂದ ಅರ್ಧಪಾಲು ಮುಚ್ಚಿದರೆ ಬಹುಪಾಲು ಗುಣ ದೊರೆಯುತ್ತದೆ. ತುಕ್ಕನ್ನೂ ಎಣ್ಣೆಯ ಜಿಡ್ಡನ್ನೂ ತೆಗೆದು ಒಣಗಿಸಿದ ಮೇಲೆ ಉರುಳೆಯಿಂದ ಒತ್ತಿ ಅಂಟಿಸಬೇಕು. ಅಗ್ಗವೆಂದು ಮಾರುವ ಡಾಂಬರಿನ ಹಾಳೆಯು ನಮ್ಮ ಬೇಸಗೆಯಲ್ಲಿ ಮೆತ್ತಗಾಗಿ ವಾಸನೆ ಬೀರುವುದುಂಟು. ಅದನ್ನು ಛಾವಣಿಗೆ ಹಾಕಿಸದಿರುವುದು ಲೇಸು.

ಎರಡನೆಯದು ತಡೆಯತಕ್ಕದ್ದು, ತೂಕವಾದ, ಬಾಗುವ ಹಾಸು. ತೂಕ ಇಮ್ಮಡಿಯಾದರೆ ತಡೆಯು ಸುಮಾರು 6 ಡೆಸಿಬೆಲ್ ಹೆಚ್ಚುವುದೆಂದು ಶಾಸ್ತ್ರ. ಇದನ್ನು ನೆಲದ ಮೇಲೆ, ಕೆಳಗೆ ತೆಳುವಾದ ಮೆತ್ತೆಯನ್ನಿಟ್ಟು, ಸಂದುಬಿಡದೆ ಹಾಸಬೇಕು. ಮೂರನೆಯದು ಒಳಬಂದ ಶಬ್ದವನ್ನು ಹೀರತಕ್ಕ ಫೆಲ್ಟು ಮೊದಲಾದುವು. ಛಾವಣಿಯ ಬಟ್ಟೆಯ ಹಿಂದೆ ಇವಕ್ಕೆ ಸ್ಥಳ. ಮಳೆಯ ನೀರು ಇಳಿಯುವ ಬಾಗಿಲಿನ ಒಳಮೈಗೆ ನೀರು ಹೀರುವ ಸ್ಪಂಜನ್ನು ತುಂಬಿದರೆ ತುಕ್ಕನ್ನು ಮನೆಗೆ ಕರೆದಂತೆ. ಬಾಗಿಲಿನ ತಳದಲ್ಲಿರುವ ನೀರುಗಂಡಿಗಳನ್ನು ಎಂದೂ ಮುಚ್ಚಬಾರದು. ಹೊಗೆಕೊಳವೆಯ ಬಳಿ ಬೇಗ ಬೆಂಕಿ ಹೊತ್ತುವ ಯಾವ ವಸ್ತುವನ್ನೂ ಇಡಬಾರದು. ಮೊಟ್ಟೆಯ ತಟ್ಟೆಗಳನ್ನೂ ಥರ್ಮೋಕೋಲನ್ನೂ ಅಂಟಿಸುವವರುಂಟು. ತೂಕವಿಲ್ಲದ ಅವು ಶಬ್ದವನ್ನು ತಡೆಯಲಾರವು.

ನಮ್ಮ ಗಾಡಿಗೆ ಕೊಳವೆ, ನೆಲದ ತೇಪೆ, ಬಾಗಿಲ ರಬ್ಬರು, ಅನಂತರ ನೆಲಕ್ಕೂ ಬಾಗಿಲುಗಳಿಗೂ ಹಾಳೆ ಎಂಬ ಕ್ರಮದಲ್ಲಿ ಕೆಲಸವಾಯಿತು. ಎಲ್ಲವೂ ಮುಗಿದಾಗಲೂ ಗಾಡಿ ನಿಶ್ಶಬ್ದವಾಗಲಿಲ್ಲ. ಕಿಟಕಿಯನ್ನು ತೆರೆದರೆ ಗಾಳಿಯ ಮೊರೆತ ಬಂದೇ ಬರುತ್ತದೆ; ವೇಗ 80 ಕಿಲೋಮೀಟರಾದರೆ ಇಂದಿಗೂ ಧ್ವನಿ ಏರಿಸಬೇಕು. ಆದಕಾರಣ ನಾವು 60ನ್ನು ಮೀರುವುದಿಲ್ಲ. ಕಾಸಿಲ್ಲದ ಈ ಔಷಧವೇ ಎಲ್ಲಕ್ಕಿಂತ ಗುಣಕಾರಿಯೆಂದು ಹೇಳಿದರೂ ಸಲ್ಲುತ್ತದೆ. ರಸ್ತೆಯಲ್ಲಿ ಇತರರ ಹಾರನ್ನು ಕೇಳಿಸಿಕೊಳ್ಳುವಷ್ಟು ಕಿವಿ ತೆರೆದಿರಬೇಕಾದುದೂ ಅವಶ್ಯ.

ಕಳೆದ ತಿಂಗಳು ಪುನಃ ಅದೇ ದಾರಿಯಲ್ಲಿ ಹೋದೆವು. ಹೊಳೆನರಸೀಪುರ ದಾಟಿದ ಮೇಲೆ ಹಿಂದಿನ ಆಸನದಿಂದ, ಕೂಗಲ್ಲ, ಮನೆಯ ಜಗಲಿಯಲ್ಲಿ ಕುಳಿತು ಮಾತನಾಡುವ ಧ್ವನಿಯಲ್ಲಿಯೇ, "ಮಗು, ಆ ಮರದ ಹತ್ತಿರ ಸ್ವಲ್ಪ ನಿಲ್ಲಿಸು, ಕಾಲು ಚಾಚಬೇಕು" ಎಂದು ಕೇಳಿಬಂದಿತು. ನಾವು ನಿಲ್ಲಿಸಿದೆವು.