ಗಾಳಿಯ ನೂರಕ್ಕೆ ಮೂರು ಪಾಲು

ಪಾವಗಡದ ಓದುಗರೊಬ್ಬರ ಪ್ರಶ್ನೆ: ‘ಕೊಚ್ಚಿಯ ಹತ್ತಿರ ಹಡಗು ಮುಳುಗಿದರೆ ಅದರ ಎಣ್ಣೆ ಎಲ್ಲಿಗೆ ಹೋಗುತ್ತದೆಂದು ಹೈದರಾಬಾದಿನಲ್ಲಿ ಕೂತವರು ಹೇಗೆ ಹೇಳುತ್ತಾರೆ? ನಮ್ಮೂರಿನ ಹಾಗೆ ಅಲ್ಲೂ ಸಮುದ್ರವಿಲ್ಲವಲ್ಲ!’

ಈ ಕುಚೋದ್ಯ ನನಗೆ ಹಿಡಿಸಿತು. ಇನ್‌ಕಾಯಿಸ್, ಅಂದರೆ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಇರುವುದು ಹೈದರಾಬಾದಿನಲ್ಲೇ. ಸೋರಿಕೆಯ ಜಾಗ, ಹೊತ್ತು, ಎಣ್ಣೆಯ ಜಾತಿ, ಪ್ರಮಾಣ ತಿಳಿದರೆ ಅಲ್ಲಿನ ಕಂಪ್ಯೂಟರು ಅದರ ದಾರಿ ಲೆಕ್ಕ ಹಾಕುತ್ತದೆ. ಅಲೆಗೆ, ಆವಿಗೆ, ಉಬ್ಬರವಿಳಿತಕ್ಕೆ ಬೇರೆ ಬೇರೆ ಸಮೀಕರಣಗಳುಂಟು, ಅವನ್ನೆಲ್ಲ ಬಿಡೋಣ. ನನಗೆ ಬೆರಗು ಹುಟ್ಟಿಸಿದ್ದು ಒಂದೇ ಅಂಕಿ: ಮೂರು. ನೀರಿನ ಮೇಲೆ ತೇಲುವ ಎಣ್ಣೆಯನ್ನು ಗಾಳಿ ತನ್ನ ವೇಗದ ಸುಮಾರು ನೂರಕ್ಕೆ ಮೂರು ಪಾಲಿನಷ್ಟು ವೇಗದಲ್ಲಿ ತಳ್ಳುತ್ತದೆ. ಗಂಟೆಗೆ 36 ಕಿಲೋಮೀಟರ್ ಗಾಳಿಯಿದ್ದರೆ ಎಣ್ಣೆ ದಿನಕ್ಕೆ ಸುಮಾರು 26 ಕಿಲೋಮೀಟರ್ ಸರಿಯುತ್ತದೆ. ಅದಕ್ಕೆ ನೀರಿನ ಪ್ರವಾಹವನ್ನು ಕೂಡಿಸಬೇಕು. ಆಷಾಢದಲ್ಲಿ ಪಾವಗಡದ ಬಯಲಿನಲ್ಲಿ ಪಂಚೆ ಹಾರಿಸುವ ಗಾಳಿಯಿದೆಯಲ್ಲ, ಅದು ಅರಬ್ಬೀ ಸಮುದ್ರದ ಮೇಲಿಂದ ಹೊರಟು, ಮಳೆಯನ್ನೆಲ್ಲ ಘಟ್ಟಕ್ಕೆ ಸುರಿದು, ಬರಿಗೈಯಲ್ಲಿ ನಿಮ್ಮೂರಿಗೆ ಬಂದದ್ದು. ಕಡಲಲ್ಲಿ ಎಣ್ಣೆಯನ್ನು ದಡಕ್ಕೆ ದೂಡುವುದೂ ಅದೇ ಗಾಳಿ.

2025ರ ಮೇ 25ರಂದು ಕೊಚ್ಚಿಯ ಹತ್ತಿರ ‘ಎಂಎಸ್‌ಸಿ ಎಲ್ಸಾ 3’ ಎಂಬ ಕಂಟೇನರ್ ಹಡಗು ಮುಳುಗಿದಾಗ ಅದರಲ್ಲಿ 367 ಟನ್ ಫರ್ನೇಸ್ ಆಯಿಲ್ ಇತ್ತು. ನಾಳೆಯೇ ಮಂಗಳೂರು ಕಪ್ಪಾಗುತ್ತದೆ ಎಂಬ ಸಂದೇಶ ನನ್ನ ಮೊಬೈಲಿಗೂ ಬಂತು. ಮುಂಗಾರಿನಲ್ಲಿ ಪಶ್ಚಿಮ ಕರಾವಳಿಯ ಪ್ರವಾಹ ತೆಂಕಣಕ್ಕೆ ಹರಿಯುತ್ತದೆ ಎಂಬುದು ಬರೆದವರಿಗೆ ಗೊತ್ತಿರಲಿಲ್ಲ. ಕಂಟೇನರುಗಳು ಹೋಗಿ ಬಿದ್ದದ್ದು ಆಲಪ್ಪುಳ, ಕೊಲ್ಲಂ ಕಡೆ. ಚಳಿಗಾಲದಲ್ಲಿ ಪ್ರವಾಹ ಬಡಗಣಕ್ಕೆ ತಿರುಗುತ್ತದೆ. ಇದೇ ಅವಘಡ ಡಿಸೆಂಬರಿನಲ್ಲಾಗಿದ್ದರೆ ನಮ್ಮವರು ನಿದ್ದೆಗೆಡಲು ಕಾರಣವಿರುತ್ತಿತ್ತು.

ಮಳೆಗಾಲದ ಮುಂಚೆ ಗೋವಾ, ಕಾರವಾರದ ಮರಳಿನ ಮೇಲೆ ಬೀಳುವ ಕರಿಯ ಉಂಡೆಗಳನ್ನು ಕಡಲಿನ ಶಕುನ ಎನ್ನುವವರೂ ಇದ್ದಾರೆ. ಎಂಥ ಶಕುನ, ಮಣ್ಣು! ಹಡಗುಗಳು ಚೆಲ್ಲಿದ ಎಣ್ಣೆ ಬಿಸಿಲಿಗೆ, ಅಲೆಗೆ ಗಟ್ಟಿಯಾದದ್ದು ಅದು. ಒಂದನ್ನು ಮುರಿದು ನೋಡಿದ್ದೇನೆ. ಹೊರಗೆ ಮರಳು ಮೆತ್ತಿದ ಸಿಪ್ಪೆ, ಒಳಗೆ ಅಂಟಂಟು ಡಾಂಬರು. ಬೆರಳಿಗೆ ಹತ್ತಿದ್ದು ಸೋಪಿಗೆ ಜಗ್ಗಲಿಲ್ಲ. ನಿಮ್ಮ ಸೀಮೆಯ ಕಡಲೆಕಾಯಿ ಎಣ್ಣೆ ಉಜ್ಜಿದ ಮೇಲೆ ಬಿಟ್ಟಿತು.

ಸೋರಿದ ಮೇಲಿನ ಲೆಕ್ಕ ಇದಾಯಿತು. ಸೋರುವ ಮುಂಚಿನ ಲೆಕ್ಕ ಇನ್ನೂ ಸೊಗಸು. ಶಿರಾ, ಮಧುಗಿರಿ ಕಡೆಯ ಕಣದಲ್ಲಿ ರಾಗಿ ತೂರುವವಳಿಗೆ ಒಂದೊಂದು ಹೊಟ್ಟು ಎಲ್ಲಿ ಬೀಳುತ್ತದೆಂದು ಗೊತ್ತಿಲ್ಲ. ಹೊಟ್ಟಿನ ರಾಶಿ ಎಲ್ಲಿ ಬೀಳುತ್ತದೆಂದು ಚೆನ್ನಾಗಿ ಗೊತ್ತು. ಕಂಪ್ಯೂಟರಿನಲ್ಲಿ ಸೋರಿಕೆಯ ಮಾದರಿ ಕಟ್ಟುವವರದೂ ಇದೇ ವಿದ್ಯೆ. ಮಂಗಳೂರಿನಾಚೆ ಕಡಲಲ್ಲಿ ಟ್ಯಾಂಕರುಗಳು ಕಚ್ಚಾ ತೈಲ ಇಳಿಸುವ ತೇಲುವ ನಿಲ್ದಾಣವಿದೆ. ಅಲ್ಲಿ ಸೋರಿತೆಂದು ಇಟ್ಟುಕೊಳ್ಳಿ. ಹಿಂದಿನ ವರ್ಷಗಳ ಗಾಳಿ, ಪ್ರವಾಹದ ದಾಖಲೆಯಿಂದ ಬೇರೆ ಬೇರೆ ದಿನಗಳನ್ನು ಆರಿಸಿ, ಸಾವಿರ ಸಲ ಸುಳ್ಳುಸೋರಿಕೆ ನಡೆಸುತ್ತಾರೆ. ಪ್ರತಿ ಸಲವೂ ಸಾವಿರಾರು ಕಣಗಳನ್ನು ತೇಲಿಬಿಡುತ್ತಾರೆ. ಎಷ್ಟು ಸಲ ಉಳ್ಳಾಲ ಮುಟ್ಟಿತು, ಎಷ್ಟು ಸಲ ಮಲ್ಪೆ, ಎಷ್ಟು ಹೊತ್ತಿಗೆ ಮುಟ್ಟಿತು ಎಂದು ಎಣಿಸುತ್ತಾರೆ. ಸಂಭವ ನೂರಕ್ಕೆ ಹತ್ತು ಎಂದರೆ ‘ಬರುವುದಿಲ್ಲ’ ಎಂದಲ್ಲ, ದಯವಿಟ್ಟು!

ಆದರೆ ಎಣ್ಣೆ ಮುಟ್ಟುವ ಸಂಭವ ಬೇರೆ, ಅಪಾಯ ಬೇರೆ. ತೆರೆ ಬಡಿಯುವ ಬಂಡೆದಡವನ್ನು ಅಲೆಗಳೇ ತಿಕ್ಕಿ ತೊಳೆಯುತ್ತವೆ. ಅಳಿವೆಯ ಕೆಸರಿನಲ್ಲಿ ಎಣ್ಣೆ ಏಡಿಯ ಬಿಲಗಳಿಗಿಳಿದು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿಗಂಟಿ, ವರ್ಷಗಟ್ಟಲೆ ಉಳಿಯುತ್ತದೆ. 2006ರ ಮೇ 30ರಂದು ‘ಓಷನ್ ಸೆರಾಯಾ’ ಹಡಗು ಬಂಡೆಗೆ ಬಡಿದು ಎಣ್ಣೆ ಚೆಲ್ಲಿದ್ದು ಕಾರವಾರದೆದುರೇ, ಕಾಳಿ ಕಡಲು ಸೇರುವ ಕಡೆ. ಅಲ್ಲಿಂದ ದಕ್ಷಿಣಕ್ಕೆ ಅಘನಾಶಿನಿಯ ಅಳಿವೆಯಲ್ಲಿ ನೀರಿಳಿದಾಗ ಹೆಂಗಸರು ಬಳಚು ಹೆಕ್ಕುತ್ತಾರೆ. ಬಳಚು ನೀರನ್ನು ಸೋಸಿ ತಿನ್ನುವ ಚಿಪ್ಪುಜೀವಿ, ಜೊತೆಗೆ ಎಣ್ಣೆಯೂ ಒಳಹೋಗುತ್ತದೆ. ಲೆಕ್ಕದಲ್ಲಿ ಸಂಭವ ಕಡಿಮೆಯೇ ಬಂದರೂ ಅಪಾಯದ ನಕ್ಷೆಯಲ್ಲಿ ಇಂಥ ಅಳಿವೆಗೆ ಕೆಂಪು ಬಳಿಯುವುದು, ಎಣ್ಣೆ ತಡೆಯುವ ತೇಲುಬೇಲಿಯನ್ನು ಮೊದಲು ಅದರ ಬಾಯಿಗೆ ಕಟ್ಟಬೇಕೆನ್ನುವುದು ಅದಕ್ಕೇ.