ಹೊತ್ತು ನೋಡಿ ಆಳು ಹಚ್ಚಿರಿ



“ಆಳು ಸಿಗುವುದಿಲ್ಲ” ಎಂಬ ದೂರು ಬಾಗಲಕೋಟೆಯಿಂದ ಇಳಕಲ್‌ವರೆಗೆ ಊರೂರಿನ ಕಟ್ಟೆಯ ಮೇಲೆ ಕೇಳಿಬರುತ್ತದೆ. ದುಡಿಯುವವರು ಊರಲ್ಲೇ ಇದ್ದಾರೆ, ಅವರ ಹೊತ್ತು ಮಾತ್ರ ನಾನಾ ಉದ್ಯೋಗಗಳಲ್ಲಿ ಹಂಚಿಹೋಗಿದೆ. ಯಾವ ಕೆಲಸಕ್ಕೆ ಯಾವ ಹೊತ್ತು ಎಂದು ಅರಿತರೆ ನಮ್ಮ ಹೊಲದ ಕೆಲಸ ಹೊಂದಿಸಿಕೊಳ್ಳುವುದು ಸುಲಭ.

ಗಡಿಯಾರದ ಕೆಲಸ

ಕಾರಖಾನೆಯ ಕೆಲಸಕ್ಕೆ ಗಡಿಯಾರವೇ ಯಜಮಾನ. 1948ರ ಕಾರಖಾನೆ ಕಾಯ್ದೆಯು ದುಡಿಮೆಗೆ ದಿನಕ್ಕೆ 9 ತಾಸು, ವಾರಕ್ಕೆ 48 ತಾಸು ಎಂದು ಮಿತಿ ಹಾಕಿತು; ಹೆಚ್ಚಿನ ದುಡಿಮೆಗೆ ಇಮ್ಮಡಿ ಕೂಲಿ ಗೊತ್ತುಮಾಡಿತು. ಆ ರಕ್ಷಣೆ ಹೊಲದ ಕೂಲಿಗೆ ಬರಲಿಲ್ಲ. ಸಕ್ಕರೆ ಕಾರಖಾನೆಯೊಳಗೆ ಪಾಳಿ ಉಂಟು. ಅದಕ್ಕೆ ಕಬ್ಬು ಕಡಿಯುವವನಿಗೆ ಪಾಳಿ ಇಲ್ಲ. ಗಾಡಿ ಬಂದಾಗ ತುಂಬಬೇಕು.

ನಮ್ಮ ಭಾಗದ ಬಿಸಿಲನ್ನು ಸರಕಾರವೂ ಒಪ್ಪಿದೆ. ಬಾಗಲಕೋಟೆ ಜಿಲ್ಲೆಯ ಸರಕಾರಿ ಕಚೇರಿಗಳ ಸಮಯವನ್ನು ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿಯಿದೆ. ಬೇಸಿಗೆಯಲ್ಲಿ ತಾಲ್ಲೂಕು ಕಚೇರಿಗೆ ಹೋಗುವವರು ಆ ವರ್ಷದ ಆದೇಶ ಕೇಳಿಕೊಂಡು ನಸುಕಿನಲ್ಲೇ ಹೊರಡುವುದು ಒಳ್ಳೆಯದು.

ಮಗ್ಗದ ಹೊತ್ತು

ಇಳಕಲ್ ಸೀರೆಯ ನೇಕಾರನಿಗೆ ತಾಸಿನ ಲೆಕ್ಕವಿಲ್ಲ, ಸೀರೆಯ ಲೆಕ್ಕ. ಒಡಲಿನ ಹಾಸಿಗೆ ಸೆರಗಿನ ರೇಶಿಮೆ ಹಾಸನ್ನು ಕೊಂಡಿ ಹಾಕಿ ಜೋಡಿಸುವುದರಿಂದ ಪ್ರತಿ ಸೀರೆಗೂ ಹಾಸನ್ನು ಬೇರೆಯಾಗಿಯೇ ಹೂಡಬೇಕು. ಕಂಡಿಕೆ ಸುತ್ತುವ ಮನೆಯ ಹೆಂಗಸರ ಹೊತ್ತೂ ಆ ಒಂದು ಸೀರೆಯ ಕೂಲಿಯಲ್ಲೇ ಕರಗುತ್ತದೆ. ವಿದ್ಯುತ್ ಮಗ್ಗಕ್ಕೆ ಕರೆಂಟು ಇದ್ದಾಗಲೇ ಹಗಲು.

ಇನ್ನು ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಯವರಿಗೆ ರಾತ್ರಿಯೇ ಹಗಲು. ಬನದ ಹುಣ್ಣಿಮೆಯ ಆ ದಿನಗಳಲ್ಲಿ ಸುತ್ತಲಿನ ಊರುಗಳಲ್ಲಿ ಆಳು ಹುಡುಕಿ ಫಲವಿಲ್ಲ. ಕೆಲಸ ಮೊದಲೇ ಮುಗಿಸಿಕೊಳ್ಳಿರಿ.

ಬೆಳೆಯ ಹೊತ್ತು

ಹೊಲದಲ್ಲಿ ಹೊತ್ತು ಗೊತ್ತುಮಾಡುವುದು ಹದ ಮತ್ತು ಬೆಳೆ. ಹುನಗುಂದದ ಎರೆಭೂಮಿಯಲ್ಲಿ ಒಣಗಿದ ಕಡಲೆಯನ್ನು ಮಂಜಿನ ಪಸೆ ಆರುವ ಮೊದಲೇ ಕಿತ್ತರೆ ಕಾಯಿ ಉದುರುವುದು ಕಡಿಮೆ. ಸೂರ್ಯಕಾಂತಿ ಹೂಬಿಟ್ಟಾಗ ಅಂಗೈಗೆ ತೆಳು ಬಟ್ಟೆ ಸುತ್ತಿ ತೆನೆಯನ್ನು ಮೃದುವಾಗಿ ಸವರುವುದಿದ್ದರೆ ಬೆಳಿಗ್ಗೆ 8ರಿಂದ 11ರೊಳಗೆ ಆಗಬೇಕು. ಅದೇ ಹೊತ್ತಿಗೆ ಜೇನ್ನೊಣ ಬರುವುದರಿಂದ ಔಷಧ ಹೊಡೆಯುವುದಿದ್ದರೆ ಸಂಜೆಗೆ ಇಟ್ಟುಕೊಳ್ಳಿರಿ. ನಡು ಮಧ್ಯಾಹ್ನ, ಗಾಳಿ ಬೀಸುವಾಗ ಔಷಧ ಹೊಡೆದರೆ ಬೆಳೆಗೂ ಲಾಭವಿಲ್ಲ, ಹೊಡೆಯುವವನ ಜೀವಕ್ಕೂ ಅಪಾಯ.

ರಾತ್ರಿ ಪಾಳಿಯಲ್ಲಿ ಪಂಪಿಗೆ ಕರೆಂಟು ಬಂದರೆ ನೀರು ಹಾಯಿಸಲು ಹೋಗಲೇಬೇಕಾಗುತ್ತದೆ. ಒಬ್ಬರೇ ಹೋಗಬೇಡಿರಿ. ಬ್ಯಾಟರಿ, ಕೋಲು, ಮೊಳಕಾಲವರೆಗಿನ ಬೂಟು ಇರಲಿ. ಹಾವು ಕಚ್ಚಿದರೆ ಮಂತ್ರ, ಕೊಯ್ತ, ಬಿಗಿಕಟ್ಟು ಬೇಡ. ಕೈಕಾಲು ಅಲುಗಿಸದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಿರಿ.

ಲೆಕ್ಕಕ್ಕೆ ಬಾರದ ಹೊತ್ತು

ಸೋಮವಾರ ಎತ್ತಿಗೆ ನೊಗ ಹೂಡಬಾರದೆಂದು ಹಿರಿಯರು ಕಟ್ಟಳೆ ಮಾಡಿದರು. ಎತ್ತಿಗೆ ವಾರಕ್ಕೊಂದು ಸೂಟಿ ಸಿಕ್ಕಿತು. ಕಳೆ ತೆಗೆಯುವ ಹೆಣ್ಣಾಳಿಗೆ ಸಿಕ್ಕಿದೆಯೇ? ರೊಟ್ಟಿ ಬಡಿದು, ನೀರು ತಂದು, ದನ ನೋಡಿ ಹೊಲಕ್ಕೆ ಬರುವ ಆಕೆಯ ದಿನ ನಿಮ್ಮ ಹೊಲದ ಬದುವಿನಲ್ಲಿ ಆರಂಭವಾಗುವುದಿಲ್ಲ, ಅಲ್ಲಿ ಮುಗಿಯುವುದೂ ಇಲ್ಲ. ತಾಸು ಹೆಚ್ಚು ದುಡಿಸಿ ಕೂಲಿ ಅಷ್ಟೇ ಕೊಟ್ಟರೆ ಮುಂದಿನ ಸುಗ್ಗಿಗೆ ಆಕೆ ಬೇರೆ ಹೊಲ ನೋಡಿಕೊಳ್ಳುತ್ತಾಳೆ.

ಆದ್ದರಿಂದ ಹೀಗೆ ಮಾಡಿ ನೋಡಿರಿ:

1. ಬೇಸಿಗೆಯಲ್ಲಿ ನಸುಕಿನಲ್ಲಿ ಕೆಲಸ ಹಚ್ಚಿ, ಬಿಸಿಲೇರುವ ಮುಂಚೆ ಬಿಡಿರಿ. ಉಳಿದದ್ದು ತಂಪು ಹೊತ್ತಿಗೆ.

2. ಎಷ್ಟು ತಾಸು, ಎಷ್ಟು ಕೂಲಿ ಎಂದು ಮುಂಚಿತವಾಗಿಯೇ ಮಾತಾಡಿರಿ. ಗುತ್ತಿಗೆ ಕೆಲಸವಾದರೆ ಸಾಲಿನ ಲೆಕ್ಕ ಮೊದಲೇ ಹೇಳಿರಿ.

3. ನಾಲ್ಕಾರು ಮನೆಯವರು ಕೂಡಿ ಮುಯ್ಯಾಳಿನ ಸರದಿ ಹಾಕಿಕೊಳ್ಳಿರಿ. ಯಾರ ಬೆಳೆ ಮೊದಲು ಹಣ್ಣಾಯಿತೋ ಅವರ ಹೊಲ ಮೊದಲು.

4. ಹೊಲದಲ್ಲಿ ನೆರಳು, ಕುಡಿಯುವ ನೀರು ಇರಲಿ.

ಹದ ಬಂದಾಗ ಹರಗು, ಬೆದೆ ಬಂದಾಗ ಬಿತ್ತು ಎಂಬುದು ಹಳೆಯ ಮಾತು. ಆ ಹದ ಬಂದ ದಿನ ನಿಮ್ಮ ಹೊಲಕ್ಕೆ ಮೊದಲು ಬರುವ ಆಳು, ಹೋದ ಸಲ ಹೊತ್ತಿಗೆ ಸರಿಯಾಗಿ ಮನೆಗೆ ಕಳಿಸಿಕೊಟ್ಟವರೇ ಆಗಿರುತ್ತಾರೆ.