ಕೆಂಪು ಫೋನ್ ಕೊಂಡರೆ ದಾನ ಮಾಡಿದಂತಾಗುವುದೇ?

ಅಕ್ಷಯ ತೃತೀಯ ಬಂತೆಂದರೆ ಚಿತ್ರದುರ್ಗದ ಲಕ್ಷ್ಮೀ ಬಜಾರ್ ಇರಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಪೇಟೆಗಳಿರಲಿ, ಚಿನ್ನದಂಗಡಿಗಳ ಜೊತೆಗೆ ಮೊಬೈಲ್ ಅಂಗಡಿಗಳಲ್ಲೂ ಗಿರಾಕಿಗಳು ತುಂಬಿರುತ್ತಾರೆ. ಆದರೆ ಜೈನರಿಗೆ ಇದು ಕೊಳ್ಳುವ ದಿನವಾಗುವುದಕ್ಕಿಂತ ಮೊದಲು ಕೊಡುವ ದಿನ. ಭಗವಾನ್ ಋಷಭದೇವರಿಗೆ ಹಸ್ತಿನಾಪುರದಲ್ಲಿ ರಾಜಕುಮಾರ ಶ್ರೇಯಾಂಸನು ಕಬ್ಬಿನ ಹಾಲನ್ನು ಆಹಾರವಾಗಿ ನೀಡಿದ ದಿನವಿದು. ದಾನತೀರ್ಥ ಆರಂಭವಾದದ್ದು ಅಂದೇ ಎಂದು ನಮ್ಮ ಪುರಾಣಗಳು ಹೇಳುತ್ತವೆ.

ಈಚೆಗೆ ಕೊಳ್ಳುವುದೂ ಕೊಡುವುದೂ ಒಂದರೊಳಗೊಂದು ಬೆರೆತುಹೋಗಿವೆ. ಪಿಯುಸಿ ಮುಗಿಸಿದ ಮಗಳಿಗೆ ಫೋನ್ ಕೊಡಿಸಲು ಹೋದರೆ, "ಅಪ್ಪಾಜಿ, ಕೆಂಪು ಬಣ್ಣದ್ದೇ ತಗೊಳ್ಳೋಣ, ಅದರ ದುಡ್ಡಲ್ಲಿ ಸ್ವಲ್ಪ ರೋಗಿಗಳಿಗೆ ಹೋಗುತ್ತಂತೆ" ಎನ್ನುತ್ತಾಳೆ. ಬೆಲೆಯೂ ಅಷ್ಟೇ, ಬಣ್ಣವೂ ಚೆನ್ನ, ಪುಣ್ಯವೂ ಬಂತು ಎಂದು ಮನೆಯವರಿಗೆ ಸಮಾಧಾನ. ಹಾಗಾದರೆ ಆ ವರ್ಷ ದಾನಕ್ಕೆಂದು ತೆಗೆದಿಟ್ಟ ಹಣದಲ್ಲಿ ಅಷ್ಟನ್ನು ಕಡಿಮೆ ಮಾಡಬಹುದೇ? ಈ ಪ್ರಶ್ನೆಗೆ ಉತ್ತರ ತಿಳಿಯಲು ಕೆಂಪು ಫೋನಿನ ಹಿನ್ನೆಲೆಯನ್ನೂ ದಾನದ ಲಕ್ಷಣವನ್ನೂ ಒಟ್ಟಿಗೆ ನೋಡಬೇಕು.

ಕೆಂಪು ಫೋನ್ ಬಂದದ್ದು ಹೇಗೆ?

ವಸ್ತುವಿನ ಮಾರಾಟಕ್ಕೆ ಧರ್ಮಕಾರ್ಯವನ್ನು ಜೋಡಿಸುವ ಪದ್ಧತಿ ಹೊಸದೇನಲ್ಲ. 1983ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿಯು ತನ್ನ ಕಾರ್ಡ್ ಬಳಸಿದ ಪ್ರತಿ ಸಲಕ್ಕೂ ಒಂದು ಸೆಂಟ್‌ನಂತೆ ಸ್ವಾತಂತ್ರ್ಯ ದೇವತೆಯ ಪ್ರತಿಮೆಯ ದುರಸ್ತಿಗೆ ಕೊಡುವುದಾಗಿ ಪ್ರಕಟಿಸಿ 17 ಲಕ್ಷ ಡಾಲರ್ ಕೂಡಿಸಿತು. ನಮ್ಮ ಮಕ್ಕಳ ಶಾಲಾ ಚೀಲದಲ್ಲೂ ಇಂಥ ಉದಾಹರಣೆ ಇದೆ. ಐಟಿಸಿ ಕಂಪನಿಯ ಕ್ಲಾಸ್‌ಮೇಟ್ ನೋಟ್‌ಬುಕ್ ನಾಲ್ಕು ಮಾರಾಟವಾದರೆ ಒಂದು ರೂಪಾಯಿ ಸಮಾಜಕಾರ್ಯಕ್ಕೆ ಎಂದು ಕಂಪನಿ ಪ್ರಚಾರ ಮಾಡಿತ್ತು.

ಎಲೆಕ್ಟ್ರಾನಿಕ್ ವಸ್ತುಗಳಲ್ಲಿ ಇದಕ್ಕೆ ದೊಡ್ಡ ಹೆಸರು ತಂದದ್ದು 'ರೆಡ್' ಎಂಬ ಯೋಜನೆ. ಐರ್ಲೆಂಡಿನ ಗಾಯಕ ಬೊನೊ ಮತ್ತು ಅಮೆರಿಕದ ಬಾಬಿ ಶ್ರೈವರ್ 2006ರಲ್ಲಿ ಇದನ್ನು ಆರಂಭಿಸಿದರು. ಹೆಸರಾಂತ ಕಂಪನಿಗಳು ಕೆಂಪು ಬಣ್ಣದ ವಿಶೇಷ ವಸ್ತು ತಯಾರಿಸಿ, ಅದರ ಮಾರಾಟದ ಒಂದು ಪಾಲನ್ನು ಏಡ್ಸ್, ಕ್ಷಯ ಮತ್ತು ಮಲೇರಿಯಾ ವಿರುದ್ಧ ಕೆಲಸ ಮಾಡುವ 'ಗ್ಲೋಬಲ್ ಫಂಡ್' ಎಂಬ ಅಂತರರಾಷ್ಟ್ರೀಯ ನಿಧಿಗೆ ಕೊಡಬೇಕು ಎಂಬುದು ಒಪ್ಪಂದ. ಆ ವರ್ಷವೇ ಮೊಟೊರೋಲಾದ ಕೆಂಪು ಫೋನ್ ಬ್ರಿಟನ್ನಿನಲ್ಲಿ ಬಂತು, ಆಪಲ್ ಕಂಪನಿಯ ಕೆಂಪು ಐಪಾಡ್ ನ್ಯಾನೊ ಬಂತು. 199 ಡಾಲರಿನ ಆ ಐಪಾಡ್‌ನಲ್ಲಿ 10 ಡಾಲರ್ ನಿಧಿಗೆ ಎಂದು ಕಂಪನಿ ಸ್ಪಷ್ಟವಾಗಿ ಹೇಳಿತ್ತು. ಅಂದರೆ ಸುಮಾರು ನೂರಕ್ಕೆ ಐದು.

ಕೆಂಪು ಐಫೋನ್ ಬಂದದ್ದು 2017ರ ಮಾರ್ಚ್‌ನಲ್ಲಿ, ಐಫೋನ್ 7ರ ರೂಪದಲ್ಲಿ. ಮುಂದೆ 8, ಎಕ್ಸ್‌ಆರ್, 11, 12, 13, 14 ಹಾಗೂ ಎಸ್‌ಇ ಮಾದರಿಗಳಲ್ಲೂ ಆ ಬಣ್ಣ ಇತ್ತು. 2021ರ ಕೊನೆಯ ಹೊತ್ತಿಗೆ ಆಪಲ್ ಗ್ರಾಹಕರ ಖರೀದಿಯಿಂದ ಸುಮಾರು 27 ಕೋಟಿ ಡಾಲರ್ ನಿಧಿಗೆ ಹೋಗಿದೆ ಎಂದು ಕಂಪನಿ ಹೇಳಿದೆ. ಎಲ್ಲ ಕಂಪನಿಗಳೂ ಸೇರಿ 'ರೆಡ್' ಕೂಡಿಸಿದ ಹಣ 70 ಕೋಟಿ ಡಾಲರಿಗೂ ಹೆಚ್ಚು. ಇದರ ಬಹುಪಾಲು ಆಫ್ರಿಕಾದ ಘಾನಾ, ಕೀನ್ಯಾ, ರುವಾಂಡಾ, ಜಾಂಬಿಯಾದಂಥ ದೇಶಗಳಲ್ಲಿ ಎಚ್‌ಐವಿ ಔಷಧಿಗೆ, ತಾಯಿಯಿಂದ ಮಗುವಿಗೆ ಸೋಂಕು ಹರಡದಂತೆ ತಡೆಯುವುದಕ್ಕೆ ಬಳಕೆಯಾಗಿದೆ. ಇದು ಸಣ್ಣ ಕೆಲಸವಲ್ಲ, ಹೀಗಳೆಯುವಂಥದ್ದೂ ಅಲ್ಲ.

ಟೀಕೆಯೂ ಬಂದಿತ್ತು. ಜಾಹೀರಾತಿಗೆ 10 ಕೋಟಿ ಡಾಲರ್ ಸುರಿದು ಕೂಡಿಸಿದ್ದು 1.8 ಕೋಟಿ ಮಾತ್ರ ಎಂದು 2007ರಲ್ಲಿ ಅಮೆರಿಕದ 'ಅಡ್ವರ್ಟೈಸಿಂಗ್ ಏಜ್' ಪತ್ರಿಕೆ ಬರೆಯಿತು. ಆ ಲೆಕ್ಕ ಸರಿಯಲ್ಲ, ಕೂಡಿದ್ದು 2.5 ಕೋಟಿ ಎಂದು 'ರೆಡ್' ಉತ್ತರಿಸಿತು.

ಈಗ ಅಂಗಡಿಯಲ್ಲಿರುವ ಕೆಂಪು ಯಾವುದು?

ಇಲ್ಲಿ ನಮ್ಮವರು ತಿಳಿದಿರಲೇಬೇಕಾದ ಮೂರು ಸಂಗತಿಗಳಿವೆ.

ಮೊದಲನೆಯದು, 2023ರಲ್ಲಿ ಬಂದ ಐಫೋನ್ 15ರಲ್ಲಿ ಈ ಧರ್ಮಾರ್ಥ ಕೆಂಪು ಇರಲಿಲ್ಲ. ಗುಲಾಬಿ, ಹಳದಿ, ಹಸಿರು, ನೀಲಿ, ಕಪ್ಪು ಮಾತ್ರ ಇದ್ದವು.

ಎರಡನೆಯದು, ಬೇರೆ ಕಂಪನಿಗಳ ಫೋನ್ ಕೆಂಪಾಗಿದೆ ಎಂದ ಮಾತ್ರಕ್ಕೆ ಅದರಿಂದ ಯಾರಿಗೂ ಏನೂ ಹೋಗುವುದಿಲ್ಲ. ಅದು ಬರೀ ಬಣ್ಣ. ಕೆಂಪು ಪೌಚ್ ಹಾಕಿದರೂ ಅಷ್ಟೇ.

ಮೂರನೆಯದು, ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಹಳೆಯ ಕೆಂಪು ಐಫೋನ್ ಸಿಗಬಹುದು. ಅದರ ಪಾಲು ಮೊದಲ ಸಲ ಮಾರಾಟವಾದಾಗಲೇ ಸಂದಿರುತ್ತದೆ. ಈಗ ನೀವು ಕೊಡುವ ಹಣ ಅಂಗಡಿಯವರಿಗೆ ಮಾತ್ರ. "ಇದರಲ್ಲಿ ಚಾರಿಟಿಗೆ ಹೋಗುತ್ತೆ ಸಾರ್" ಎಂದು ಹೇಳಿ ಯಾರಾದರೂ ಹೆಚ್ಚಿನ ಬೆಲೆ ಕೇಳಿದರೆ ಒಪ್ಪಬೇಡಿ. ಸುಳ್ಳು ಹೇಳಿ ಮಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ದಾನಕ್ಕೆ ನಾಲ್ಕು ಒರೆಗಲ್ಲುಗಳು

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ಕೊನೆಯಲ್ಲಿ ಆಚಾರ್ಯ ಉಮಾಸ್ವಾಮಿಗಳು ದಾನದ ಲಕ್ಷಣ ಹೇಳಿದ್ದಾರೆ. ಉಪಕಾರಕ್ಕಾಗಿ ತನ್ನದನ್ನು ಬಿಟ್ಟುಕೊಡುವುದೇ ದಾನ. ಅದರ ಹೆಚ್ಚು ಕಡಿಮೆ ನಿಂತಿರುವುದು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ಮೇಲೆ. ಕೆಂಪು ಫೋನನ್ನು ಈ ನಾಲ್ಕಕ್ಕೂ ಹಚ್ಚಿ ನೋಡೋಣ.

ದಾತೃ, ಅಂದರೆ ಕೊಡುವವರು ಯಾರು? ಕೆಂಪು ಐಫೋನಿನ ಬೆಲೆ ಅದೇ ಮಾದರಿಯ ಕಪ್ಪು ಅಥವಾ ಬಿಳಿ ಫೋನಿನಷ್ಟೇ ಇರುತ್ತಿತ್ತು. ಕೊಂಡವರು ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡುತ್ತಿರಲಿಲ್ಲ. ನಿಧಿಗೆ ಹೋದದ್ದು ಕಂಪನಿಯ ಪಾಲಿನಿಂದ. ಆದ್ದರಿಂದ ಇಲ್ಲಿ ಬಿಟ್ಟುಕೊಟ್ಟವರು ನಾವಲ್ಲ. ಅತಿಥಿಸಂವಿಭಾಗ ವ್ರತದ ಐದು ಅತಿಚಾರಗಳಲ್ಲಿ 'ಪರವ್ಯಪದೇಶ'ವೂ ಒಂದು. ಬೇರೆ ದಾತೃವಿನದನ್ನು ತಾನು ನೀಡುವುದು ಎಂದು ವ್ಯಾಖ್ಯಾನಕಾರರು ಅದಕ್ಕೆ ಅರ್ಥ ಹೇಳುತ್ತಾರೆ. ಕಂಪನಿ ಕೊಟ್ಟದ್ದನ್ನು ನಮ್ಮ ದಾನದ ಲೆಕ್ಕಕ್ಕೆ ಬರೆದುಕೊಳ್ಳುವ ಮುನ್ನ ಈ ಮಾತು ನೆನಪಿರಲಿ.

ದ್ರವ್ಯ, ಅಂದರೆ ಕೊಡುವ ವಸ್ತು ಏನು, ಎಷ್ಟು? ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿ ಇದೆ. ಅಂದಿನ ದಾನಶಾಸನಗಳನ್ನು ಓದಿದವರಿಗೆ ಗೊತ್ತು, ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಎಷ್ಟು ಭೂಮಿ, ಅದರ ನಾಲ್ಕು ದಿಕ್ಕಿನ ಎಲ್ಲೆ ಯಾವುದು ಎಂಬುದನ್ನೆಲ್ಲ ಕಲ್ಲಿನಲ್ಲಿ ಕೊರೆಸುತ್ತಿದ್ದರು. ಐಪಾಡ್‌ನ ಕಾಲದಲ್ಲಿ 10 ಡಾಲರ್ ಎಂಬ ಎಲ್ಲೆ ಇತ್ತು. ಕೆಂಪು ಐಫೋನ್ ಬಂದಾಗ ಅದು 'ಒಂದು ಪಾಲು' ಎಂದಷ್ಟೇ ಆಯಿತು. ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಇದೇ ಕೆಂಪು ಗುರುತಿನಲ್ಲಿ ಚರ್ಮದ ಫೋನ್ ಕವರುಗಳೂ ಮಾರಾಟವಾಗಿವೆ. 2023ರಿಂದ ಆಪಲ್ ತನ್ನ ಹೊಸ ವಸ್ತುಗಳಲ್ಲಿ ಚರ್ಮ ಬಳಸುವುದನ್ನು ನಿಲ್ಲಿಸಿದೆ. ಹಳೆಯ ದಾಸ್ತಾನಿನ ಕವರ್ ಕೊಳ್ಳುವಾಗ ಅದು ಸಿಲಿಕೋನ್ ಹೌದೋ ಅಲ್ಲವೋ ಎಂದು ಕೇಳಿ ತಿಳಿಯಿರಿ. ಒಂದು ಜೀವಕ್ಕೆ ಔಷಧಿ ಎಂದು ಇನ್ನೊಂದು ಜೀವದ ಚರ್ಮವನ್ನು ಕೈಯಲ್ಲಿ ಹಿಡಿಯುವುದು ನಮಗೆ ಒಪ್ಪುವ ಮಾತಲ್ಲ.

ವಿಧಿ, ಅಂದರೆ ಕೊಡುವ ರೀತಿ. ದಾನ ಮಾಡುವವರು ಆ ಹೊತ್ತಿಗೆ ಪಡೆಯುವವರ ಕಡೆ ಮನಸ್ಸಿಟ್ಟಿರಬೇಕು. ಫೋನ್ ಕೊಳ್ಳುವಾಗ ನಮ್ಮ ಮನಸ್ಸು ಕ್ಯಾಮೆರಾ, ಬ್ಯಾಟರಿ, ಇಎಂಐ ಎಷ್ಟು ತಿಂಗಳು ಎಂಬುದರಲ್ಲಿರುತ್ತದೆ. ಇದು ತಪ್ಪಲ್ಲ, ಖರೀದಿಯ ಸ್ವಭಾವವೇ ಹಾಗೆ. ಆದರೆ ಇನ್ನೂ ಚೆನ್ನಾಗಿ ನಡೆಯುತ್ತಿರುವ ಫೋನನ್ನು ಬದಿಗಿಟ್ಟು, 'ಪುಣ್ಯ ಬರುತ್ತದೆ' ಎಂಬ ನೆಪದಲ್ಲಿ ಹೊಸದನ್ನು ಕೊಂಡರೆ ಪರಿಗ್ರಹವೇ ಬೆಳೆಯಿತು. ಪರಿಗ್ರಹ ಪರಿಮಾಣ ವ್ರತಕ್ಕೆ ಬಣ್ಣದ ವಿನಾಯಿತಿ ಇಲ್ಲ.

ಪಾತ್ರ, ಅಂದರೆ ಪಡೆಯುವವರು. ಆಫ್ರಿಕಾದ ತಾಯಂದಿರು, ಮಕ್ಕಳು ಕರುಣಾದಾನಕ್ಕೆ ಖಂಡಿತ ಅರ್ಹರು. ದೂರದವರು ಎಂಬ ಕಾರಣಕ್ಕೆ ದಾನ ಕಡಿಮೆಯಾಗುವುದಿಲ್ಲ. ಈ ಒರೆಗಲ್ಲಿನಲ್ಲಿ ಕೆಂಪು ಫೋನ್ ಪೂರ್ತಿ ಗೆಲ್ಲುತ್ತದೆ.

ಹಾಗಾದರೆ ಉತ್ತರವೇನು? ನಮ್ಮ ಶಾಸ್ತ್ರಗಳು ಕೃತ, ಕಾರಿತ, ಅನುಮೋದನೆ ಎಂದು ಮೂರು ಬಗೆ ಹೇಳುತ್ತವೆ. ತಾನು ಮಾಡುವುದು, ಬೇರೆಯವರಿಂದ ಮಾಡಿಸುವುದು, ಮಾಡುವವರನ್ನು ಕಂಡು ಸಂತೋಷಪಡುವುದು. ಹೇಗೂ ಬೇಕಾಗಿದ್ದ ಫೋನನ್ನು ಕೆಂಪು ಬಣ್ಣದಲ್ಲಿ ಕೊಂಡವರು ಅನುಮೋದನೆ ಮಾಡಿದರು. ಅದೂ ಒಳ್ಳೆಯದೇ. ಆದರೆ ಅನುಮೋದನೆ ಮಾಡಿದ ಮೇಲೆ ದಾನ ಇನ್ನೂ ಬಾಕಿ ಇರುತ್ತದೆ.

ರಸೀದಿ ಮತ್ತು ತೆರಿಗೆ

ಕೆಲವರು ಫೋನ್ ಬಿಲ್ಲನ್ನು 80ಜಿ ವಿನಾಯಿತಿಗೆ ತೋರಿಸಬಹುದೇ ಎಂದು ಕೇಳುತ್ತಾರೆ. ಸಾಧ್ಯವಿಲ್ಲ. ಅದು ಖರೀದಿಯ ಬಿಲ್ಲು, ಶೇಕಡಾ 18 ಜಿಎಸ್‌ಟಿ ಸೇರಿದ ವ್ಯಾಪಾರ. 80ಜಿ ವಿನಾಯಿತಿ ಸಿಗುವುದು ಮಾನ್ಯತೆ ಪಡೆದ ಸಂಸ್ಥೆಗೆ ನೇರವಾಗಿ ಕೊಟ್ಟ ಹಣಕ್ಕೆ, ಅದೂ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ. 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ವಿನಾಯಿತಿ ಇಲ್ಲ, ಚೆಕ್ ಅಥವಾ ಆನ್‌ಲೈನ್ ಮೂಲಕ ಕೊಡಬೇಕು. ಸಂಸ್ಥೆಯವರಿಂದ ರಸೀದಿಯ ಜೊತೆಗೆ 10ಬಿಇ ಪ್ರಮಾಣಪತ್ರ ಕೇಳಿ ಪಡೆಯಿರಿ.

ನಮ್ಮ ತಾಲ್ಲೂಕಿನಲ್ಲೇ ಮಾಡಬಹುದಾದದ್ದು

ಗ್ಲೋಬಲ್ ಫಂಡ್ ಹೋರಾಡುವ ಮೂರು ರೋಗಗಳಲ್ಲಿ ಕ್ಷಯ ನಮ್ಮ ಊರುಗಳಲ್ಲೂ ಇದೆ. ಔಷಧಿಯನ್ನು ಸರ್ಕಾರ ಉಚಿತವಾಗಿ ಕೊಡುತ್ತದೆ. ಪೌಷ್ಟಿಕ ಆಹಾರಕ್ಕೆಂದು ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಆದರೂ ಕೂಲಿ ಬಿಟ್ಟು ಆರು ತಿಂಗಳು ಮಾತ್ರೆ ನುಂಗುವ ಬಡ ಕುಟುಂಬಕ್ಕೆ ಅದು ಸಾಲದು. ಹೊಟ್ಟೆ ತುಂಬ ಊಟವಿಲ್ಲದೆ ಮಾತ್ರೆ ಮೈಗೆ ಹಿಡಿಯುವುದು ಕಷ್ಟ. ಮಾತ್ರೆಯನ್ನು ನಡುವೆ ಬಿಟ್ಟರೆ ಔಷಧಿಗೆ ಬಗ್ಗದ ಕ್ಷಯವಾಗುವ ಅಪಾಯವಿದೆ.

ಇದಕ್ಕಾಗಿ 2022ರ ಸೆಪ್ಟೆಂಬರ್ 9ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಕ್ಷಯಮುಕ್ತ ಭಾರತ ಅಭಿಯಾನಕ್ಕೆ ಚಾಲನೆ ನೀಡಿದರು. ಅದರಡಿ ಯಾರು ಬೇಕಾದರೂ 'ನಿಕ್ಷಯ ಮಿತ್ರ'ರಾಗಬಹುದು. ವ್ಯಕ್ತಿಯಾಗಲಿ, ಅಂಗಡಿಯವರಾಗಲಿ, ಸಮಾಜದ ಸಂಘವಾಗಲಿ ನಿಕ್ಷಯ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ, ಒಪ್ಪಿಗೆ ಕೊಟ್ಟ ರೋಗಿಗಳಲ್ಲಿ ಒಬ್ಬರನ್ನೋ ಹಲವರನ್ನೋ ಆರಿಸಿಕೊಂಡು ಕನಿಷ್ಠ ಆರು ತಿಂಗಳು ಪ್ರತಿ ತಿಂಗಳೂ ಆಹಾರದ ಕಿಟ್ ಕೊಡಬೇಕು. ತಾಲ್ಲೂಕು ಆಸ್ಪತ್ರೆಯ ಕ್ಷಯ ವಿಭಾಗದವರು ವಿವರ ಹೇಳುತ್ತಾರೆ. ಸಹಾಯವಾಣಿ 1800-11-6666. ಬೇಳೆ, ಶೇಂಗಾ, ಕಡಲೆ, ಸಿರಿಧಾನ್ಯ, ಎಣ್ಣೆ, ಹಾಲಿನ ಪುಡಿ ಹೀಗೆ ನಮ್ಮ ಆಚಾರಕ್ಕೆ ಒಪ್ಪುವ ಕಿಟ್ಟನ್ನೇ ಕಟ್ಟಿಕೊಡಬಹುದು. ಶೇಂಗಾವಂತೂ ನಮ್ಮ ಜಿಲ್ಲೆಯದೇ ಬೆಳೆ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಮೊದಲನೆಯದು ಹೀಗೆ ನೇರವಾಗಿ ನೆರವೇರುತ್ತದೆ, ಎರಡನೆಯದಕ್ಕೂ ಬಲ ಬರುತ್ತದೆ. ಕೊಡುವವರು ನೀವು, ವಸ್ತು ಕಣ್ಣೆದುರಿಗಿದೆ, ಪಡೆಯುವವರು ನಿಮ್ಮದೇ ತಾಲ್ಲೂಕಿನವರು. ರೋಗಿಯ ಫೋಟೊ, ಹೆಸರು ವಾಟ್ಸ್ಆ್ಯಪ್‌ನಲ್ಲಿ ಹಾಕಬೇಡಿ. ಕ್ಷಯ ಬಂದ ಮನೆಯ ಹೆಣ್ಣುಮಕ್ಕಳಿಗೆ ಅದರಿಂದ ತೊಂದರೆಯಾದೀತು.

ಮೂರನೆಯದಾದ ಶಾಸ್ತ್ರದಾನಕ್ಕೆ ದಾನಚಿಂತಾಮಣಿ ಅತ್ತಿಮಬ್ಬೆಗಿಂತ ಬೇರೆ ಆದರ್ಶ ಬೇಕೇ? ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಆಕೆ ತನ್ನ ಖರ್ಚಿನಲ್ಲಿ ಬರೆಸಿ ಹಂಚಿದಳು. ಇಂದು ಪಾಠ ಕೇಳಲು, ಅರ್ಜಿ ಹಾಕಲು ಫೋನಿಲ್ಲದ ಮಕ್ಕಳಿದ್ದಾರೆ. ಹೊಸ ಫೋನ್ ಕೊಂಡಾಗ ಹಳೆಯದನ್ನು ಡ್ರಾಯರ್‌ನಲ್ಲಿ ಇಡಬೇಡಿ. ನಿಮ್ಮ ಖಾತೆಗಳಿಂದ ಲಾಗ್ ಔಟ್ ಆಗಿ, ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದು, ಫ್ಯಾಕ್ಟರಿ ರೀಸೆಟ್ ಮಾಡಿ, ಬ್ಯಾಟರಿ ಚೆನ್ನಾಗಿದೆಯೇ ನೋಡಿ, ಚಾರ್ಜರ್ ಸಮೇತ ಕೊಡಿ. ಕೆಟ್ಟು ಹೋಗಿದ್ದರೆ ದಾನವೆಂದು ಯಾರ ತಲೆಗೂ ಕಟ್ಟಬೇಡಿ, ಕಸಕ್ಕೂ ಎಸೆಯಬೇಡಿ. ಲಿಥಿಯಂ ಬ್ಯಾಟರಿ ಕಸದ ಗಾಡಿಯಲ್ಲಿ ಬೆಂಕಿ ಹೊತ್ತಿಕೊಳ್ಳಬಹುದು. ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆಯೇ ಒಪ್ಪಿಸಿ.

ಬಣ್ಣ ನಿಮ್ಮಿಷ್ಟ

ಕೊನೆಗೆ ಬಣ್ಣದ ಮಾತು. ಕೆಂಪೋ, ನೀಲಿಯೋ, ಮಕ್ಕಳು ಇಷ್ಟಪಟ್ಟದ್ದನ್ನು ಕೊಡಿಸಿ. ಪೌಚ್ ಹಾಕಿದ ಮೇಲೆ ಎಲ್ಲ ಫೋನೂ ಒಂದೇ. ಮುಂದೆ ಯಾವುದಾದರೂ ಕಂಪನಿ ಧರ್ಮಾರ್ಥ ಆವೃತ್ತಿ ತಂದರೆ ಅಂಗಡಿಯಲ್ಲೇ ನಾಲ್ಕು ಪ್ರಶ್ನೆ ಕೇಳಿ. ಎಷ್ಟು ಹಣ? ಯಾರಿಗೆ? ಯಾವಾಗಿನವರೆಗೆ? ಲೆಕ್ಕ ಎಲ್ಲಿ ಪ್ರಕಟವಾಗುತ್ತದೆ? ಉತ್ತರ ಸಿಕ್ಕಿದರೆ ಸಂತೋಷದಿಂದ ಕೊಳ್ಳಿ, ಸಿಗದಿದ್ದರೆ ಬೆಲೆ ಮತ್ತು ಉಪಯೋಗ ನೋಡಿ ಕೊಳ್ಳಿ.

ಮನೆಗೆ ಬಂದು ಫೋನ್ ಪೆಟ್ಟಿಗೆ ಬಿಚ್ಚುವ ಮೊದಲು, ದಾನಕ್ಕೆಂದು ತೆಗೆದಿಟ್ಟ ಹಣದಿಂದ ಒಬ್ಬ ರೋಗಿಯ ಆರು ತಿಂಗಳ ಕಿಟ್ಟಿಗೆ ಮಗಳ ಕೈಯಿಂದಲೇ ಹೆಸರು ನೋಂದಾಯಿಸಿ. ಹೊಸ ಫೋನಿನ ಮೊದಲ ಕೆಲಸ ಅದೇ ಆಗಲಿ.

ಜೈ ಜಿನೇಂದ್ರ.